ಹೆಸರು ಅಳಿಸಿದವರು

ಅವರು ತೀರಿಕೊಂಡ ಮಾರನೆಯ ವಾರ ಅವರ ಹಳೆಯ ಶಿಷ್ಯನೊಬ್ಬ ಫೋನ್ ಮಾಡಿ, "ಮೇಡಂ, ಸರ್ ಬಗ್ಗೆ ಒಂದೆರಡು ಪುಟ ಬರ್ಕೊಡ್ರಿ, ಪುಸ್ತಕ ಮಾಡ್ತಾ ಇದೀವಿ. ಅವರ ಕೈಕೆಳಗೆ ಮೊದ್ಲು ಕೆಲಸ ಮಾಡಿದೋರು ನೀವು" ಎಂದ. ಒಳ್ಳೆಯದನ್ನೇ ಬರೆಯಬೇಕು ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ. ನಾನು ಬರೆದದ್ದನ್ನು ಈ ಶಿಷ್ಯರು ಅಚ್ಚು ಹಾಕುವುದಿಲ್ಲ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಸರ್ ಎಂದಷ್ಟೇ ಕರೆಯುತ್ತೇನೆ, ಹೆಸರು ಹೇಳುವುದಿಲ್ಲ. ಬದುಕಿನುದ್ದಕ್ಕೂ ಬೇರೆಯವರ ಹೆಸರಿಗೆ ಅವರು ಎಷ್ಟು ಮರ್ಯಾದೆ ಕೊಟ್ಟರೋ ಅಷ್ಟೇ ಮರ್ಯಾದೆಯನ್ನು ನಾನು ಅವರ ಹೆಸರಿಗೆ ಕೊಡುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ ಅವರ ಆಫೀಸು. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಹಲ್ಲು ಕೊರೆಯುವ ಸದ್ದು, ಮೇಲಿನಿಂದ ಮೋಡೆಮ್ ಕಿರುಚುವ ಸದ್ದು. ನಾನು ಹರಿಹರದವಳು. ಡಿಪ್ಲೊಮಾ ಮುಗಿಸಿ, ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಕೆಲಸಕ್ಕೆ ಕೇಳಲು ಹೋದ ದಿನ ಅವರು ನನ್ನ ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಇಂಗ್ಲಿಷ್ ಓದಾಕ ಬರ್ತೈತಾ?" ಎಂದು ಕೇಳಿದರು.

"ಬರ್ತೈತೆ ಸರ್."

"ಓದಬ್ಯಾಡ. ಓದ್ತಾ ಕುಂತ್ರೆ ಟೈಮ್ ವೇಸ್ಟು. ಕೂಡಿಸೋದು ಕಲಿ. ಬರೆಯೋದು ಗುಮಾಸ್ತನ ಕೆಲಸ, ಕೂಡಿಸೋದು ಎಂಜಿನಿಯರ್ ಕೆಲಸ."

ಈ ಮಾತನ್ನು ಅವರು ಎಷ್ಟು ಜನರಿಗೆ ಹೇಳಿದ್ದರೋ. ಕೇಳಿದಾಗ ದೊಡ್ಡ ಮಾತೆನಿಸಿತ್ತು.

ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲೂ ಅವರು ಟೈ ಕಟ್ಟುತ್ತಿದ್ದರು. ಅದರ ಉಪಯೋಗ ಕನ್ನಡಕ ಒರೆಸುವುದು. ಜೇಬಿನಲ್ಲಿ ಎರಡು ಪೆನ್ನು, ಎರಡೂ ಬರೆಯುತ್ತಿರಲಿಲ್ಲ. ಪರದೆಯ ಮೇಲೆ ಏನನ್ನಾದರೂ ತೋರಿಸುವಾಗ ಸ್ಕೂಟರಿನ ಕೀಲಿಯಿಂದ ಗಾಜಿನ ಮೇಲೆ ಟಕಟಕ ಬಡಿಯುತ್ತಿದ್ದರು. ನಮ್ಮ ಮಾನಿಟರುಗಳ ನಡುಮಧ್ಯೆ ಗೀರು ಬಿದ್ದಿದ್ದವು. ಕಂಪ್ಯೂಟರ್ ಪುಸ್ತಕವನ್ನು ಅವರು ತೆರೆದದ್ದನ್ನು ನಾನು ಕಂಡಿಲ್ಲ. ಅಂಗೈ ಮೇಲಿಟ್ಟು ತೂಗಿ, "ಭಾರ ಐತೆ, ಚೊಲೋ ಪುಸ್ತಕ" ಎನ್ನುತ್ತಿದ್ದರು. ಹಿಂದಿನ ರಟ್ಟಿಗೆ ಅಂಟಿಸಿದ ಸಿ.ಡಿ. ಕಿತ್ತುಕೊಂಡು ಪುಸ್ತಕವನ್ನು ಕಪಾಟಿಗೆ ಸೇರಿಸಿದರೆ ಅಲ್ಲಿಗೆ ಅದರ ಋಣ ತೀರಿತು.

ನಾವು ಮಾಡುತ್ತಿದ್ದದ್ದು ಒಂದು ವಧೂವರರ ವೆಬ್ ತಾಣ. ಅದಕ್ಕೆ ವಿದೇಶದಲ್ಲಿ ಯಾರೋ ಮಾಡಿಟ್ಟ ಒಂದು ಫ್ರೇಮ್‌ವರ್ಕ್ ಇತ್ತು. ಮನೆಯ ಕಂಬ, ತೊಲೆ, ಬಾಗಿಲು ಎಲ್ಲ ಸಿದ್ಧವಾಗಿ ಬಂದಂತೆ. ಒಳಗೆ ಬೇಕಾದ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಜನ ಬರೆದಿಟ್ಟ ಸಿದ್ಧ ಪ್ರೋಗ್ರಾಂ ತುಂಡುಗಳನ್ನು, ನಮ್ಮ ಭಾಷೆಯಲ್ಲಿ ಲೈಬ್ರರಿಗಳನ್ನು, ಇಳಿಸಿಕೊಂಡು ತಂದು ಕೂಡಿಸಬೇಕು. ಫೋಟೊ ಸಣ್ಣದು ಮಾಡಲು ಒಂದು, ಮೇಲ್ ಕಳಿಸಲು ಒಂದು, ತಾಣಕ್ಕೆ ಬಂದವರನ್ನು ಎಣಿಸಲು ಒಂದು. ಇದರಲ್ಲಿ ತಪ್ಪೇನೂ ಇಲ್ಲ. ಇಂದಿಗೂ ಜಗತ್ತಿನ ಅರ್ಧ ತಂತ್ರಾಂಶ ನಡೆಯುವುದೇ ಹೀಗೆ. ಆದರೆ ತಂದವರು ಎಲ್ಲಿಂದ ತಂದೆವೆಂದು ಹೇಳುತ್ತಾರೆ, ತರುವ ಮುಂಚೆ ಅದರ ಜೊತೆಗಿರುವ ಚೀಟಿ ಓದುತ್ತಾರೆ. ಸರ್‌ಗೆ ಎರಡೂ ಆಗಿಬರುತ್ತಿರಲಿಲ್ಲ.

ಒಂದು ಉದಾಹರಣೆ. ಮೇಲ್ ಕಳಿಸುವ ಲೈಬ್ರರಿ ಮೂವತ್ತು ದಿನದ ಪರೀಕ್ಷಾ ಪ್ರತಿ. ಮೂವತ್ತು ದಿನವಾದ ಮೇಲೆ ಅದು ಕೆಲಸ ನಿಲ್ಲಿಸಿತು. ಸರ್ ಬಂದು ಕೀಲಿಯಿಂದ ಗಾಜು ಬಡಿದು, ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ಸರಿಸಲು ಹೇಳಿದರು. ಮುಂದಿನ ತಿಂಗಳು ಮತ್ತೆ ಸರಿಸಿದೆವು. ಹೊರಗೆ ಮುಂಗಾರು ಹೋಗಿ ದೀಪಾವಳಿ ಬಂದರೂ ನಮ್ಮ ಆಫೀಸಿನಲ್ಲಿ ವರ್ಷವಿಡೀ ಫೆಬ್ರುವರಿ. ಹುಬ್ಬಳ್ಳಿಯ ಒಬ್ಬರು, ನಿಮ್ಮ ಮೇಲ್ ಒಂಬತ್ತು ತಿಂಗಳು ತಡವಾಗಿ ಬಂತು, ಹುಡುಗನಿಗೆ ಆಗಲೇ ಮದುವೆಯಾಗಿದೆ ಎಂದು ಉತ್ತರ ಬರೆದಿದ್ದರು. ಅದನ್ನು ತೋರಿಸಿದರೆ ಸರ್ ನಕ್ಕರು. "ನೋಡಮ್ಮ, ಮೇಲ್ ಮುಟ್ಟೈತಲ್ಲ?"

ಇನ್ನೊಮ್ಮೆ, ತಾಣಕ್ಕೆ ಬಂದವರನ್ನು ಎಣಿಸುವ ಲೈಬ್ರರಿಯ ಸರದಿ. ಅದು ಬಿಟ್ಟಿ ಸಿಕ್ಕಿದ್ದು, ಬದಲಿಗೆ ತನ್ನ ಜಾಹೀರಾತು ತೋರಿಸುತ್ತಿತ್ತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಿದ್ದಾಗ ವರನ ಫೋಟೊ ಪಕ್ಕದಲ್ಲೇ ತುಂಡುಬಟ್ಟೆಯ ಹೆಂಗಸೊಬ್ಬಳು ಜೂಜಾಡಲು ಕರೆದಳು. ಹಿರಿಯರು ಸರ್ ಮುಖ ನೋಡಿದರು. "ಅದು ಅಮೆರಿಕಾದ ಕಡೇದು ಯಜಮಾನ್ರೇ, ನಮ್ಮ ತಾಣ ಅಲ್ಲೂ ನಡೀತೈತೆ ಅನ್ನೋದಕ್ಕೆ ಗುರುತು" ಎಂದರು ಸರ್. ಹಿರಿಯರು ತಲೆಯಾಡಿಸಿದರು. ಹಾಗೆ ನಂಬಿಸುವ ಒಂದು ಧೈರ್ಯ ಅವರಲ್ಲಿತ್ತು. ಅದನ್ನು ಅಲ್ಲಗಳೆಯುವುದಿಲ್ಲ. ನಾವೆಲ್ಲ ಕಂಪ್ಯೂಟರನ್ನು ಮುಟ್ಟಲು ಹೆದರುತ್ತಿದ್ದ ಕಾಲದಲ್ಲಿ ಅವರು ಯಾವ ತಿರುಪನ್ನಾದರೂ ಬಿಚ್ಚುತ್ತಿದ್ದರು. ಮತ್ತೆ ಕೂಡಿಸುವುದು ನಮ್ಮ ಪಾಲಿಗೆ ಬರುತ್ತಿತ್ತು.

ಜಗತ್ತಿಗೆಲ್ಲ ತೆರೆದಿದ್ದ ಆ ತಾಣವನ್ನು ನಿಜಕ್ಕೂ ನೋಡುತ್ತಿದ್ದವರು ಹೆಚ್ಚಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದವರೇ. ಆಗ ಎಷ್ಟು ಮನೆಯಲ್ಲಿ ಇಂಟರ್ನೆಟ್ ಇತ್ತು? ಅವರು ಬಂದು ಕೂರುವುದು, ವಿವರ ಹೇಳುವುದು, ನಾವು ತುಂಬುವುದು, ಹಾಳಿ ಹಾಳಿಯಾಗಿ ಪ್ರಿಂಟ್ ತೆಗೆದು ಕೊಡುವುದು. ಆಗ ಸರ್‌ಗೆ ಹೊಳೆಯಿತು, ಹುಟ್ಟಿದ ದಿನ ಕೊಟ್ಟರೆ ನಕ್ಷತ್ರವೂ ಬರಬೇಕು.

ನಾನೇ ಹುಡುಕಿದೆ. ಚಂದ್ರ ಯಾವ ದಿನ ಆಕಾಶದಲ್ಲಿ ಎಲ್ಲಿದ್ದ ಎಂದು ಲೆಕ್ಕ ಹಾಕುವ ಲೈಬ್ರರಿಯೊಂದು ಸಿಕ್ಕಿತು. ಬರೆದವರು ದೂರದ ದೇಶದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಯಾರು ಬೇಕಾದರೂ ಉಪಯೋಗಿಸಿ, ನನ್ನ ಹೆಸರು ಇರಲಿ, ಎಲ್ಲಿ ಉಪಯೋಗಕ್ಕೆ ಬಂತೆಂದು ಒಂದು ಸಾಲು ಬರೆದು ತಿಳಿಸಿ ಎಂದು ಮೊದಲಲ್ಲೇ ಬರೆದಿದ್ದರು. ಅದರ ಕೆಳಗೆ ಇನ್ನೂ ಎರಡು ಪುಟ ಸೂಚನೆ. ಆ ಲೈಬ್ರರಿಯನ್ನು ಫ್ರೇಮ್‌ವರ್ಕಿಗೆ ಜೋಡಿಸಿ, ನಮ್ಮ ಪಂಚಾಂಗಕ್ಕೆ ಬೇಕಾದಷ್ಟು ಡಿಗ್ರಿ ಕಳೆದು, ಆಕಾಶವನ್ನು ಇಪ್ಪತ್ತೇಳು ಪಾಲು ಮಾಡಿ ಒಂದೊಂದಕ್ಕೂ ನಕ್ಷತ್ರದ ಹೆಸರು ಹಚ್ಚಿದವಳು ನಾನು.

ಸರ್ ಹಿಂದೆ ಬಂದು ನಿಂತರು. "ಯಾರ್ದಮ್ಮ ಈ ಹೆಸರು?"

"ಬರೆದೋರದು ಸರ್."

"ನಮ್ಮ ಅಂಗಡಿ ಒಳಗೆ ಬೇರೆಯವರ ಬೋರ್ಡ್ ಯಾಕ? ಎಲ್ಲಾ ತೆಗಿ. ಅದೇನು ಪುರಾಣ ಬರ್ದಾನಲ್ಲ, ಅದೂ ಕಸ. ಗುಡಿಸಿ ಹಾಕು. ಮೇಲೆ ನನ್ನ ಹೆಸರು ಬರಿ."

ಗುಡಿಸಿ ಹಾಕಿದೆ. ಓದಿ ಗುಡಿಸಲಿಲ್ಲ. ನಕ್ಷತ್ರ, ಜಾತಕ ಎಂದರೆ ನನಗೆ ಆಗ ನಗು. ನಂಬಿಕೆಯಿಲ್ಲದ ಕೆಲಸವನ್ನು ಹೇಗೆ ಮಾಡಿದರೂ ನಡೆಯುತ್ತದೆ ಎಂಬ ಉಡಾಫೆ ನನ್ನಲ್ಲೂ ಇತ್ತು. ಸರ್ ತಮ್ಮದೇ ಹುಟ್ಟಿದ ದಿನ, ಇಪ್ಪತ್ತಮೂರನೇ ತಾರೀಕು, ಹಾಕಿಸಿ ನೋಡಿದರು. ನಕ್ಷತ್ರ ಸರಿಯಾಗಿ ಬಂತು. ಪರೀಕ್ಷೆ ಮುಗಿಯಿತು. ಮರುದಿನ ಬಾಗಿಲಿಗೆ ಬೋರ್ಡು ಬಿತ್ತು, ಜಾತಕ ಗಣಕ, ನಮ್ಮ ಸ್ವಂತ ಸಂಶೋಧನೆ.

ಐದಾರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಕುಕ್ಕುವಾಡದ ಒಬ್ಬ ರೈತರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಜೊತೆಗೆ ಅವರ ಅಕ್ಕನ ಮಗಳು ಸುನಂದಾ. ಆಕೆ ಕೊಂಡಜ್ಜಿಯವಳು, ಹರಿಹರದ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

"ಬರ್ರಿ ಯಜಮಾನ್ರೇ, ಕೂಡ್ರಿ" ಎಂದರು ಸರ್.

ಅವರು ಕುರ್ಚಿಯ ಅಂಚಿನಲ್ಲಿ ಕೂತರು. "ಈ ಕೂಸಿಗೆ ಇಲ್ಲಿ ದಾವಣಗೆರೆದಾಗ ಒಂದು ಸಂಬಂಧ ಕೂಡಿತ್ರಿ. ಬಟ್ಟೆ ಅಂಗಡಿ ಜನ. ಮಾತು ಎಲ್ಲಾ ಮುಗಿದಿತ್ತು. ಆಮೇಲೆ ಗಂಡಿನ ಕಡೇರು ನಿಮ್ಮ ಹತ್ರ ಬಂದು ಜಾತಕ ತಗಸಿದ್ರಂತೆ. ಮೂಲಾ ನಕ್ಷತ್ರ ಅಂತ ಬಂದೈತಂತೆ. ಹುಡುಗನ ಅಪ್ಪಗೆ ಆಗಿಬರಲ್ಲ ಅಂತ ಬ್ಯಾಡ ಅಂದ್ರು." ಟವೆಲಿನಿಂದ ಮುಖ ಒರೆಸಿಕೊಂಡರು. "ನಮ್ಮ ಮನೇಲಿ ಕೂಸು ಹುಟ್ಟಿದಾಗ ರೋಹಿಣಿ ಅಂತ ಬರೆಸಿಟ್ಟೀವಿ. ಯಾವುದು ಖರೆ ಅಂತ ಕೇಳಾಕ ಬಂದ್ವಿ."

ಹಳದಿ ತಿರುಗಿದ ಒಂದು ಹಾಳಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಸರ್ ಅದರ ಕಡೆ ನೋಡಲೂ ಇಲ್ಲ.

"ಅದು ಕೈಲಿ ಬರೆದಿದ್ದು ಯಜಮಾನ್ರೇ. ಮನುಷ್ಯ ತಪ್ಪು ಮಾಡ್ತಾನೆ. ಇದು ಕಂಪ್ಯೂಟರ್ ಲೆಕ್ಕ."

ಆಗ ಸುನಂದಾ ಮಾತಾಡಿದಳು. ಮೆತ್ತಗಿನ ದನಿ. "ಆ ಲೆಕ್ಕ ಬರೆದೋರು ಯಾರು ಸರ್?"

"ನಾನೇ."

"ಹಂಗಾದ್ರೆ ಚಂದ್ರ ಎಲ್ಲಿದ್ದ ಅಂತ ಹೆಂಗೆ ಹಿಡೀತೀರಿ, ಸ್ವಲ್ಪ ಹೇಳ್ರಿ. ನಾನು ಗಣಿತದ ಟೀಚರ್ರು. ತಿಳ್ಕೊಂತೀನಿ."

ಸರ್ ಕೀಲಿಯಿಂದ ಮೇಜು ಬಡಿದರು. "ಅದು ನಮ್ಮ ಕಂಪನಿ ಸೀಕ್ರೆಟ್ಟಮ್ಮ."

"ಚಂದ್ರ ನಿಮ್ಮ ಕಂಪನಿಯವನಲ್ಲಲ್ರಿ."

ರೈತರು ಎದ್ದು ನಿಂತರು. ದೊಡ್ಡವರಿಗೆ ಎದುರು ಮಾತಾಡುವ ಹುಡುಗಿಯನ್ನು ಕರೆತಂದದ್ದಕ್ಕೆ ಅವರಿಗೆ ನಾಚಿಕೆಯಾದಂತಿತ್ತು. "ಬಾರವ್ವ, ಹೋಗಾನ. ಕಂಪ್ಯೂಟರ್ ಸುಳ್ಳು ಹೇಳಲ್ಲ" ಎಂದರು. ಸುನಂದಾ ಹಳದಿ ಹಾಳಿಯನ್ನು ನಾಲ್ಕು ಮಡಿಕೆ ಮಡಚಿದಳು. ಹೊರಡುವ ಮುಂಚೆ ನನ್ನ ಕಡೆ ನೋಡಿದಳು. ನಾನು ಕೀಬೋರ್ಡು ನೋಡಿದೆ.

ಅವರು ಹೋದ ಮೇಲೆ ಸರ್ ಹೇಳಿದ್ದು ಇಷ್ಟು, "ಓದಿದ ಹುಡುಗೇರಿಗೆ ಇದಕ್ಕೇ ಮದುವಿ ಆಗಲ್ಲ."

ಮಾರನೆಯ ದಿನ ಬೆಳಿಗ್ಗೆ ಆಫೀಸಿಗೆ ಬೇಗ ಬಂದು ಆ ಲೈಬ್ರರಿಯನ್ನು ಮತ್ತೆ ಇಳಿಸಲು ಹಾಕಿದೆ. ಲೈನ್ ಎರಡು ಸಲ ಕಡಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ಬಂತು. ನಾನು ಗುಡಿಸಿ ಹಾಕಿದ್ದ ಆ ಎರಡು ಪುಟವನ್ನು ಮೊದಲ ಸಲ ಓದಿದೆ. ಮೊದಲನೆಯ ಪುಟದ ನಡುವೆ ಇತ್ತು: ದಿನಾಂಕವನ್ನು ಮೊದಲು ತಿಂಗಳು, ನಂತರ ದಿನ, ನಂತರ ವರ್ಷ, ಈ ಕ್ರಮದಲ್ಲೇ ಕೊಡಬೇಕು. ಮೊದಲ ಅಂಕಿ ಹನ್ನೆರಡಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ದಿನವೆಂದು ತಿಳಿಯಲಾಗುತ್ತದೆ.

ನಾವು ಕೊಡುತ್ತಿದ್ದದ್ದು ನಮ್ಮ ಕ್ರಮ, ಮೊದಲು ದಿನ, ಆಮೇಲೆ ತಿಂಗಳು. ಸುನಂದಾ ಹುಟ್ಟಿದ್ದು ಅಕ್ಟೋಬರ್ ಐದಕ್ಕೆ. ಲೈಬ್ರರಿ ಅದನ್ನು ಮೇ ಹತ್ತು ಎಂದು ಓದಿತ್ತು. ಸರ್ ಇಪ್ಪತ್ತಮೂರಕ್ಕೆ ಹುಟ್ಟಿದ್ದರಿಂದ ಪರೀಕ್ಷೆಯಲ್ಲಿ ಏನೂ ಗೊತ್ತಾಗಿರಲಿಲ್ಲ. ಹನ್ನೆರಡನೇ ತಾರೀಕಿನ ಒಳಗೆ ಹುಟ್ಟಿದವರಿಗೆಲ್ಲ ಹೆಚ್ಚುಕಡಿಮೆ ಬೇರೆ ಯಾರದೋ ನಕ್ಷತ್ರ ಕೊಟ್ಟು ಕಳಿಸಿದ್ದೆವು. ತಿಂಗಳು ದಿನ ಅದಲು ಬದಲು ಮಾಡಿ ಹಾಕಿದೆ. ರೋಹಿಣಿ ಎಂದು ಬಂತು.

ಸರ್ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಎಲ್ಲ ಹೇಳಿದೆ. ಅವರು ಮೆಣಸಿನಕಾಯಿಯ ತೊಟ್ಟು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಜನಕ್ಕೆ ಗೊತ್ತೈತೆ ಇದು?"

"ನಿಮಗೆ, ನನಗೆ, ಅಷ್ಟೇ ಸರ್."

"ಹಂಗಾದ್ರೆ ತಪ್ಪೇ ಆಗಿಲ್ಲ ಬಿಡು. ಸರಿ ಮಾಡಿ ಸುಮ್ನಿರು."

ಸರಿ ಮಾಡಲು ಪ್ರೋಗ್ರಾಮಿನಲ್ಲಿ ಒಂದು ಸಾಲು ಸಾಕಾಯಿತು. "ಹಾಳಿ ತಗೊಂಡು ಹೋದವರಿಗೆಲ್ಲ ಪತ್ರ ಬರೀಬೇಕು ಸರ್" ಎಂದೆ.

"ಪತ್ರ ಬರೆದ್ರೆ ತಪ್ಪು ಒಪ್ಕೊಂಡಂಗೆ. ನಕ್ಷತ್ರ ನೋಡಿ ಮದುವಿ ಮಾಡೋರು ಮೂರ್ಖರು ಅಂತ ನೀನೇ ಹೇಳ್ತಿದ್ದೆಲ್ಲ? ಈಗ್ಯಾಕ ಅವರ ಚಿಂತಿ?"

ಹೇಳುತ್ತಿದ್ದೆ, ನಿಜ. ಜಗತ್ತಿನ ಯಾವ ಪುಸ್ತಕವನ್ನೂ ಓದದ ಆ ಮನುಷ್ಯ ಎದುರಿಗಿದ್ದವರ ಮಾತನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ತೆಗೆದು ಉಪಯೋಗಿಸಲು.

ಒಂದು ವಾರ ಊಟದ ಬಿಡುವಿನಲ್ಲಿ ಕೂತು ಹನ್ನೆರಡನೇ ತಾರೀಕಿನ ಒಳಗೆ ಹುಟ್ಟಿದವರ ವಿಳಾಸಗಳನ್ನು ಕೈಯಲ್ಲಿ ಬರೆದುಕೊಂಡೆ, ಹೊಸ ಹಾಳಿಗಳನ್ನು ತೆಗೆದೆ. ದೂರದವರಿಗೆ ಅಂಚೆಯಲ್ಲಿ ಹಾಕಿದೆ. ಹತ್ತಿರದವರ ಮನೆಗೆ ಭಾನುವಾರಗಳಲ್ಲಿ ನಾನೇ ಹೋದೆ. ಮೊದಲು ಹೋದದ್ದು ಕೊಂಡಜ್ಜಿಗೆ.

ಸುನಂದಾ ಕಟ್ಟೆಯ ಮೇಲೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಅವಳ ತಾಯಿ ಒಳಗಿನಿಂದ ಚಹಾ ತಂದುಕೊಟ್ಟರು. ಹೊಸ ಹಾಳಿಯನ್ನು ತಾಯಿಯೇ ಮೊದಲು ತೆಗೆದುಕೊಂಡು, "ರೋಹಿಣಿ" ಎಂದು ಮೆಲ್ಲಗೆ ಓದಿದರು. "ಆ ಹುಡುಗಗೆ ಬೇರೆ ಕಡೆ ನಿಶ್ಚಯ ಆತಂತೆ. ಒಂದು ಹದಿನೈದು ದಿನ ಮೊದ್ಲು ಬಂದಿದ್ರೆ, ತಂಗಿ" ಎಂದರು.

"ಸುಮ್ನಿರವ್ವ" ಎಂದಳು ಸುನಂದಾ. "ಒಂದು ಹಾಳಿ ನೋಡಿ ಬಿಟ್ಟು ಹೋದೋರು ಇನ್ನೊಂದು ಹಾಳಿ ನೋಡಿ ಬಂದ್ರೆ ನಾನು ಹೋಗಬೇಕಿತ್ತಾ?"

ತಾಯಿ ಲೋಟ ತೆಗೆದುಕೊಂಡು ಒಳಗೆ ಹೋದರು. ಸುನಂದಾ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ನನ್ನನ್ನು ಕೇಳಿದಳು, "ಅವತ್ತು ನೀವು ಅಲ್ಲೇ ಕುಂತಿದ್ರಿ. ನಿಮಗೆ ಅವತ್ತೇ ಗೊತ್ತಿತ್ತಾ?"

"ತಪ್ಪೈತೆ ಅಂತ ಗೊತ್ತಿರಲಿಲ್ಲ. ಅದು ಅವರು ಬರೆದಿದ್ದಲ್ಲ ಅಂತ ಗೊತ್ತಿತ್ತು."

"ಅಷ್ಟು ಹೇಳಿದ್ರೆ ಸಾಕಿತ್ತು ನೋಡ್ರಿ" ಎಂದಳು. ಬೈಗುಳದ ದನಿಯಲ್ಲ. "ನಮ್ಮ ಮಾವ ನನ್ನನ್ನ ಸಣ್ಣಾಕಿ ಇದ್ದಾಗಿಂದ ಎತ್ತಿ ಆಡಿಸ್ದೋರು. ಅವತ್ತು ನಿಮ್ಮ ಮೆಟ್ಲು ಇಳಿಯೋವಾಗ ನನ್ನ ಕಡೆ ತಿರುಗಿ ನೋಡ್ಲಿಲ್ಲ. ಬಸ್ನಾಗೂ ಬೇರೆ ಸೀಟಿನಾಗ ಕುಂತ್ರು. ನನ್ನಲ್ಲಿ ಏನೋ ಐಬು ಐತೆ ಅಂತ ಕಂಪ್ಯೂಟರ್ ಹೇಳಿಬಿಡ್ತಲ್ಲ."

ನಾನು ಕ್ಷಮೆ ಕೇಳಿದೆ. ಅವಳು ಹಾಳಿಯ ಇನ್ನೊಂದು ಪ್ರತಿ ಕೇಳಿ ತೆಗೆದುಕೊಂಡಳು. ಕುಕ್ಕುವಾಡಕ್ಕೆ ಕೊಟ್ಟು ಕಳಿಸಲು.

ಅದೇ ವಾರ ಆ ದೂರದ ಮೇಷ್ಟ್ರಿಗೆ ಅವರು ಕೇಳಿದ್ದ ಒಂದು ಸಾಲನ್ನು ಬರೆದೆ. ಒಂದು ಸಾಲು ಹೋಗಿ ಒಂದು ಪುಟವಾಯಿತು. ನಡೆದದ್ದೆಲ್ಲವನ್ನೂ ಬರೆದೆ, ಹೆಸರು ಅಳಿಸಿದ್ದನ್ನೂ. ಎರಡು ದಿನಕ್ಕೆ ಉತ್ತರ ಬಂತು. ತಪ್ಪು ತಮ್ಮದೆಂದು ಬರೆದಿದ್ದರು. ಆ ಸೂಚನೆಯನ್ನು ಪುಟದ ನಡುವೆ ಹುದುಗಿಸದೆ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು, ಹೊಸ ಪ್ರತಿಯಲ್ಲಿ ಹಾಗೆ ಮಾಡಿದ್ದೇನೆ, ಆ ಹುಡುಗಿಗೆ ನನ್ನ ಕ್ಷಮೆಯನ್ನು ದಯವಿಟ್ಟು ತಿಳಿಸಿ ಎಂದಿದ್ದರು. ಏನೂ ತಪ್ಪು ಮಾಡದ ಒಬ್ಬ ಮುದುಕ ಸಮುದ್ರದಾಚೆಯಿಂದ ಕ್ಷಮೆ ಕೇಳಿದ್ದ. ಅದನ್ನು ಓದಿದಾಗ ಸರ್ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಯಾರಿಗೋ ತಮ್ಮ ಸಂಶೋಧನೆಯ ಬಗ್ಗೆ ಹೇಳುತ್ತಿದ್ದರು.

ನಾನು ಹಾಳಿ ಹಂಚಿದ ಸುದ್ದಿ ಅವರನ್ನು ಮುಟ್ಟಲು ತಡವಾಗಲಿಲ್ಲ. ಸಿಟ್ಟಾದ ಎರಡು ಮನೆಯವರು ಮೆಟ್ಟಿಲು ಹತ್ತಿ ಬಂದು ಕೂಗಾಡಿ ಹೋದರು. ಸರ್ ನನ್ನ ಹತ್ತಿರ ಬಂದು, "ಉಂಡ ಮನಿಗೆ ಹಿಂಗೆ ಮಾಡ್ತಾರೇನಮ್ಮ?" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಅದು ನನಗೆ ಇಂದಿಗೂ ಅರ್ಥವಾಗುವುದಿಲ್ಲ. ಅಂದು ಸಂಜೆಯೇ ಕೆಲಸ ಬಿಟ್ಟೆ. ಬಿಡಿಸಿದರು ಎನ್ನುವುದು ಹೆಚ್ಚು ಸರಿ.

ಎರಡು ವರ್ಷದ ಮೇಲೆ ಹರಿಹರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಅವರೇ ಬಂದರು. ಆ ಹೊತ್ತಿಗೆ ಅವರು ಊರಿಗೆ ದೊಡ್ಡ ಮನುಷ್ಯರು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ನೋಡಿ ಗುರುತು ಹಿಡಿದು ನಕ್ಕರು. ಭಾಷಣದ ನಡುವೆ ಹೇಳತೊಡಗಿದರು.

"ನಮ್ಮ ಆಫೀಸಿನಾಗ ಒಬ್ಳು ಹುಡುಗಿ ಇದ್ಲು. ಬೇರೆಯವರ ಲೈಬ್ರರಿ ತಂದು ಕೂಡಿಸಿದ್ಲು. ಜೊತೆಗೆ ಬಂದ ಸೂಚನೆ ಓದ್ದಂಗೆ ಅಳಿಸಿ ಹಾಕಿದ್ಲು. ಕೊಂಡಜ್ಜಿಯಿಂದ ಒಂದು ಹೆಣ್ಣುಮಗಳು ಬಂದು ಅತ್ತಾಗ ನನಗೆ ಒಂದೇ ನೋಟಕ್ಕೆ ತಪ್ಪು ಗೊತ್ತಾತು. ನಾನೇ ಕುಂತು ಸರಿ ಮಾಡ್ದೆ. ನಾನೇ ಅವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳ್ದೆ. ಅದಕ್ಕೇ ಹೇಳ್ತೀನಿ, ಮಕ್ಕಳೇ, ಓದ್ರಿ. ಬೇರೆಯವರು ಬರೆದಿದ್ದನ್ನ ಅಕ್ಷರ ಬಿಡದಂಗೆ ಓದ್ರಿ. ಅವರ ಹೆಸರಿಗೆ ಮರ್ಯಾದಿ ಕೊಡ್ರಿ."

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಸುನಂದಾ ಅವತ್ತು ಅತ್ತಿರಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವರ ಮುಖದಲ್ಲಿ ಇರಬೇಕಾದ ಒಂದು ಸಣ್ಣ ಅಳುಕಾದರೂ ಕಾಣುತ್ತದೇನೋ ಎಂದು. ಇರಲಿಲ್ಲ. ಅವರ ನೆನಪಿನಲ್ಲಿ ಅದು ಹಾಗೆಯೇ ನಡೆದಿತ್ತು.

ಕಾರ್ಯಕ್ರಮ ಮುಗಿದು ಹೊರಗೆ ಕಾಫಿ ಕೊಡುತ್ತಿದ್ದಾಗ ನನ್ನ ತರಗತಿಯ ಹತ್ತು ಹನ್ನೆರಡು ವಿದ್ಯಾರ್ಥಿಗಳು ಅವರನ್ನು ಸುತ್ತುವರಿದಿದ್ದರು. ಅವರಲ್ಲಿ ಒಬ್ಬಳು ನನ್ನ ಕಡೆ ತಿರುಗಿ, "ಮೇಡಂ, ಹಂಗೂ ಇರ್ತಾರಾ, ಓದ್ದಂಗೆ ಅಳಿಸೋರು?" ಎಂದು ಕೇಳಿದಳು.

"ಇರ್ತಾರೆ" ಎಂದೆ. "ಆ ಹುಡುಗಿ ನಾನೇ. ಅಳಿಸಿದ್ದು ನಾನು. ಅಳಿಸು, ಮೇಲೆ ನನ್ನ ಹೆಸರು ಬರಿ ಅಂದಿದ್ದು ಇವರು. ಕೊಂಡಜ್ಜಿಗೆ ಇವರು ಹೋಗಲೇ ಇಲ್ಲ. ಹೋಗಿದ್ದಕ್ಕೆ ನನ್ನ ಕೆಲಸ ಹೋತು."

ವಿದ್ಯಾರ್ಥಿಗಳು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಸರ್ ನಿಧಾನವಾಗಿ ಒಂದು ಗುಟುಕು ಕಾಫಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿ ಬಂದಿತ್ತು.

"ನೋಡಿದ್ರಾ ಮಕ್ಕಳೇ" ಎಂದರು. "ತಪ್ಪನ್ನ ನಾಲ್ಕು ಜನರ ಮುಂದೆ ಹಿಂಗೆ ಒಪ್ಕೋಬೇಕು. ಇದನ್ನೂ ಈಕೆಗೆ ನಾನೇ ಕಲಿಸಿದ್ದು."

ಹುಡುಗರು ಮತ್ತೆ ಚಪ್ಪಾಳೆ ಹೊಡೆದರು.